ಬಾರದವರ ವೀಳ್ಯ

ನಮ್ಮ ಸೋದರಮಾವ ಹಾಜರಿದ್ದ ಮದುವೆಯಲ್ಲಿ ಬಿಸಿ ಅನ್ನ ಉಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು. ಅಂಥವರಿಗೆ ನನ್ನ ಸ್ವಂತ ಖರ್ಚಿನಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಡುತ್ತೇನೆ. ಈ ಮಾತನ್ನು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಶಾಲು ಇನ್ನೂ ಅಂಗಡಿಯಲ್ಲೇ ಇದೆ! ಅವನು ಚಪ್ಪರದೊಳಗೆ ಕಾಲಿಡುವುದನ್ನು ಕಂಡರೆ ಸಾಕು, ನಮ್ಮ ಕಡೆಯ ಅಡುಗೆಯವರು ಒಲೆಯ ಕಟ್ಟಿಗೆ ಹೊರಗೆಳೆಯುತ್ತಾರೆ. ಅಯ್ಯನೋರು ಎರಡು ಮುಹೂರ್ತ ಇಟ್ಟುಕೊಂಡು ಬರುತ್ತಾರೆ: ಒಂದು ಪಂಚಾಂಗದ್ದು, ಇನ್ನೊಂದು ನಮ್ಮ ಮಾವನದ್ದು.

ಅವನೇನು ಕುಡಿದು ಗಲಾಟೆ ಮಾಡುವವನಲ್ಲ. ವರದಕ್ಷಿಣೆಗೆ ಜಗಳ ತೆಗೆಯುವವನೂ ಅಲ್ಲ. ಪಾಪ, ಒಬ್ಬಂಟಿ ಮನುಷ್ಯ, ಮದುವೆಯಿಲ್ಲ, ಮಕ್ಕಳಿಲ್ಲ. ಅವನ ಕೆಲಸ ಒಂದೇ: ವೀಳ್ಯ ಕರೆಯುವುದು.

ಹಾಗೆಂದರೇನು ಎಂದು ವಿವರಿಸಬೇಕಾದ ಕಾಲ ಬಂದಿದೆ, ವಿವರಿಸುತ್ತೇನೆ. ನಮ್ಮ ಊರಿನಲ್ಲಿ ನಿಶ್ಚಯವಿರಲಿ, ಮದುವೆಯಿರಲಿ, ಶಾಸ್ತ್ರವೆಲ್ಲ ಮುಗಿದು ಹೊಟ್ಟೆ ತಾಳ ಹಾಕುವ ಹೊತ್ತಿಗೆ ಒಬ್ಬನು ಎದ್ದು ನಿಂತು ಊರಿನ ಒಂದೊಂದೇ ಮನೆತನದ ಹೆಸರು ಹಿಡಿದು ಕೂಗಬೇಕು. ಆ ಮನೆಯವನು ಬಂದು ಶಲ್ಯದ ಚುಂಗು ಒಡ್ಡಿ ಎರಡೆಲೆ ಒಂದಡಿಕೆ ಇಸಿದುಕೊಳ್ಳಬೇಕು. ಆಗ ಆ ಮನೆ ಈ ಮದುವೆಗೆ ಸಾಕ್ಷಿಯಾಯಿತು ಅಂತ. ಇದಕ್ಕೊಂದು ಕ್ರಮವೂ ಇದೆ. ಮೊದಲು ದೇವರದು, ಆಮೇಲೆ ಮಠದ್ದು, ಆಮೇಲೆ ಊರಿಗೆ ಯಾರು ಮೊದಲು ಬಂದು ನೆಲೆನಿಂತರೋ ಅವರದು, ಅವರ ಬೆನ್ನಿಗೆ ಬಂದವರದು, ಬರಗಾಲದಲ್ಲಿ ಬಂದವರದು, ಯಾರದೋ ಸಾಲಕ್ಕೆ ಹೆದರಿ ಓಡಿಬಂದವರದು. ಅಂದರೆ ನಮ್ಮೂರಿನ ಚರಿತ್ರೆ ಇರುವುದು ಇದೊಂದರಲ್ಲೇ. ಆಂಧ್ರದ ಗಡಿಯೊಳಗಿನ ಕೋಸಗಿ ಸ್ಟೇಷನ್ನಿನಲ್ಲಿ ಇಳಿದು, ಕರಿ ನೆಲದ ದಾರಿಯಲ್ಲಿ ಧೂಳು ಕುಡಿಯುತ್ತ ಬಂದರೆ ಸಿಗುವ ಊರು ನಮ್ಮದು. ಶಾಸನವಿಲ್ಲ, ಕೋಟೆಯಿಲ್ಲ. ಒಂದು ವೀರಗಲ್ಲಿತ್ತು, ಅದರ ಮೇಲೆ ಈಗ ಯಾರದೋ ಮನೆಯ ಬಟ್ಟೆ ಒಗೆಯುತ್ತಾರೆ. ವೀರ ದಿನವೂ ಸ್ವಚ್ಛವಾಗಿರುತ್ತಾನೆ, ಅಷ್ಟೇ.

ಈ ಕ್ರಮವನ್ನು ಕಾಪಾಡುವುದು ಸುಲಭದ ಕೆಲಸವೆಂದುಕೊಂಡಿರಾ? ಬಾವಿ ಮನೆಯವರು ತಾವೇ ಊರಿಗೆ ಮೊದಲು ಬಂದವರು, ಬಾವಿ ತೋಡಿದ್ದೇ ತಮ್ಮ ಮುತ್ತಜ್ಜ ಎನ್ನುತ್ತಾರೆ. ಕಟ್ಟೆ ಮನೆಯವರು ಮೀಸೆಯಡಿಯಲ್ಲಿ ನಗುತ್ತಾರೆ: “ಹೌದ್ರಿ, ನಿಮ್ಮ ಮುತ್ಯಾ ಬಾವಿ ತೋಡಿದ್ದು ಖರೇನ ಐತಿ. ನಮ್ಮ ಮುತ್ಯಾ ಬೇವಿನ ಗಿಡದ ಬುಡಕ ಕುಂತು ನೋಡ್ಯಾನಲ್ಲ! ಹಂಗಾದ್ರ ಮೊದ್ಲು ಬಂದಾವ ಯಾರು?” ಇದಕ್ಕಾಗಿ ತಲೆ ಒಡೆದುಕೊಂಡ ತಲೆಮಾರುಗಳಿವೆ. ನಮ್ಮ ಮಾವ ಕಂಡುಹಿಡಿದ ರಾಜಿ ಇದು: ಹೆಸರು ಮೊದಲು ಬಾವಿ ಮನೆಯದು ಕೂಗುವುದು, ವೀಳ್ಯ ಮೊದಲು ಕಟ್ಟೆ ಮನೆಯವರ ಕೈಗೆ ಹಾಕುವುದು. ಎರಡೂ ಮನೆಯವರು ತಾವೇ ಗೆದ್ದೆವೆಂದು ಇಂದಿಗೂ ನೆಮ್ಮದಿಯಿಂದ ಇದ್ದಾರೆ. ದೊಡ್ಡ ದೊಡ್ಡ ದೇಶಗಳ ಗಡಿ ತಕರಾರುಗಳನ್ನು ಇವನಿಗೆ ಒಪ್ಪಿಸಿದ್ದರೆ ಏನಾಗುತ್ತಿತ್ತೋ! ಊಟವಂತೂ ಆರುತ್ತಿತ್ತು.

ಅವನಿಗೆ ಜೀವನದಲ್ಲಿ ದೆವ್ವದ ಭಯವಿಲ್ಲ, ಹಾವಿನ ಭಯವಿಲ್ಲ. ಒಂದು ಮನೆ ಕರೆಯದೆ ಉಳಿದುಬಿಟ್ಟರೆ ಎಂಬ ಭಯ ಮಾತ್ರ ಇದೆ. ಹೀಗಾಗಿ ಬಿದ್ದ ಮನೆಯನ್ನೂ ಕರೆಯುತ್ತಾನೆ, ಬೀಗ ಬಿದ್ದ ಮನೆಯನ್ನೂ ಕರೆಯುತ್ತಾನೆ. ಒಮ್ಮೆ ಊರಿನ ಸಚಿವಾಲಯದ, ಅಂದರೆ ಪಂಚಾಯ್ತಿ ಕಚೇರಿಯ, ಹುಡುಗಿ ಫೋನು ಹಿಡಿದುಕೊಂಡು ಮನೆ ಎಣಿಸಲು ಬಂದಿದ್ದಳು. ಯಾರೋ ಕಿಡಿಗೇಡಿಗಳು, ಆ ತಾತನಿಗೆ ಎಲ್ಲ ಗೊತ್ತು ಎಂದು ಇವನ ಹತ್ತಿರ ಕಳಿಸಿದರು. ಇವನು ಕಟ್ಟೆಯ ಮೇಲೆ ಸಾಂಗವಾಗಿ ಕೂತು ದೇವರಿಂದ ಶುರುಮಾಡಿದ. ಆ ಹುಡುಗಿ ದೇವರಿಗೆ ಆಧಾರ್ ಕಾರ್ಡು ಇದೆಯೇ ಎಂದು ಹುಡುಕುತ್ತಿರುವಾಗ ಇವನು ಮಠ ದಾಟಿ, ಕಟ್ಟೆ ದಾಟಿ, ಯಾವಾಗಲೋ ಪ್ಲೇಗಿನಲ್ಲಿ ಹೋದ ಒಂದು ಮನೆತನದ ಹತ್ತಿರ ಬಂದಿದ್ದ.

“ತಾತಾ, ಉನ್ನವಾಳ್ಳನಿ ಚೆಪ್ಪು ತಾತಾ. ಇರೋರನ್ನ ಹೇಳು, ಸಾಕು.”

“ಇರೋರನ್ನ ಹೇಳಾಕ ನಾ ಯಾಕ ಬೇಕವ್ವಾ? ಅವರು ತಾವ ಬಾಯಿ ಬಿಟ್ಟು ಹೇಳ್ತಾರ. ಇಲ್ಲದವ್ರನ್ನ ಹೇಳಾಕಲ್ಲೇನು ಒಬ್ಬಾವ ಬೇಕಾಗಿರೋದು?”

ಹುಡುಗಿ ಚಹ ಕುಡಿದು ಎದ್ದು ಹೋದಳು. ಫೋನಿನಲ್ಲಿ ಏನು ಬರೆದುಕೊಂಡಳೋ ಗೊತ್ತಿಲ್ಲ.

ಇಂಥವನು ಮದುವೆಯಾಗದೆ ಉಳಿದದ್ದು ಹೇಗೆಂದು ನೀವು ಕೇಳಲಾರಿರಿ, ನಿಮಗೆ ದಾಕ್ಷಿಣ್ಯ. ನಾನೇ ಹೇಳುತ್ತೇನೆ. ಹರೆಯದಲ್ಲಿ ಅವನಿಗೆ ನಾಗಲದಿನ್ನೆಯ ಆಚೆ, ತುಂಗಭದ್ರೆ ದಾಟಿದರೆ ಸಿಗುವ ಒಂದು ಊರಿನಲ್ಲಿ ಹೆಣ್ಣು ಗೊತ್ತಾಗಿತ್ತು. ನಿಶ್ಚಯಕ್ಕೆಂದು ನಮ್ಮಜ್ಜ ಬಂಧು ಬಳಗವನ್ನೆಲ್ಲ ಹರಿಗೋಲಿನಲ್ಲಿ ಹೇರಿಕೊಂಡು ಹೊಳೆ ದಾಟಿದ. ಹರಿಗೋಲು ಹಾಕುವವನು ಮಾತುಗಾರ. ತನ್ನ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಇದೇ ಹೊಳೆಯಲ್ಲಿ ಹುಟ್ಟು ಹಾಕಿದವರೆಂದು ದಾರಿಯುದ್ದಕ್ಕೂ ಹೇಳಿದ. ಅಷ್ಟು ಸಾಕಾಯಿತು! ನಿಶ್ಚಯ ಮುಗಿಯಿತು, ಆ ಊರಿನ ಹಿರಿಯ ಎದ್ದು ತಮ್ಮೂರಿನ ಮನೆಗಳನ್ನು ಕರೆದ, ಊಟಕ್ಕೆ ಎಲೆ ಹಾಕಿದರು. ಹಸೆಯ ಮೇಲೆ ಕೂತಿದ್ದ ವರ ಮಹಾಶಯ ಎದ್ದು ನಿಂತ.

“ಹರಿಗೋಲಿನವ್ರ ಮನಿ ಬಿಟ್ರಲ್ರೀ!”

ಹಸೆಮಣೆಯೇ ಬಾಯಿಬಿಟ್ಟು ಮಾತಾಡಿದ್ದರೂ ಸಭೆ ಅಷ್ಟು ಬೆರಗಾಗುತ್ತಿರಲಿಲ್ಲ. ಹೆಣ್ಣಿನ ಸೋದರಮಾವ ಕೇಳಿದ: “ಮದುಮಗ ಕುಂದ್ರಾಕ ಬಂದಾನೋ, ಊರು ಆಳಾಕ ಬಂದಾನೋ?”

“ಒಂದು ಮನಿ ಬಿಟ್ಟು ಮಾಡಿದ ನಿಶ್ಚಯ ಎಂಥಾ ನಿಶ್ಚಯಾರಿ?”

“ಹಂಗಾದ್ರ ಎದ್ದು ನಡೀರಿ.”

ನಡೆದರು. ಹೋಳಿಗೆಯ ವಾಸನೆ ಹೊಳೆ ದಂಡೆಯವರೆಗೂ ಬೆನ್ನಟ್ಟಿ ಬಂತಂತೆ. ಮತ್ತೆ ಅದೇ ಹರಿಗೋಲು. ನಡುಹೊಳೆಯಲ್ಲಿ ಮಾವ, ಸಮಾಧಾನ ಹೇಳುವವನ ಹಾಗೆ, ಹರಿಗೋಲಿನವನ ಹೆಗಲ ಮೇಲೆ ಕೈಯಿಟ್ಟ. “ನಿನ್ನ ಸಲುವಾಗಿ ಹೆಣ್ಣು ಬಿಟ್ಟು ಬಂದೀನಿ ನೋಡಪಾ. ಆ ಊರಾಗ ನಿನ್ನ ಮನಿ ಕರೀಲಿಲ್ಲ.”

ಅವನು ಹುಟ್ಟು ನಿಲ್ಲಿಸಿಬಿಟ್ಟ. “ಯಪ್ಪಾ, ಆ ಊರಾಗ ನಂದೇನೈತ್ರಿ? ಅಲ್ಲಿ ಬರೇ ಹರಿಗೋಲು ಕಟ್ತೀನಿ. ನನ್ನ ಮನಿ ಇರೋದು ಈ ದಂಡ್ಯಾಗ!”

ನಮ್ಮಜ್ಜನಿಗೆ ಆಗ ಒಬ್ಬನನ್ನು ಹೊಳೆಗೆ ನೂಕುವ ಮನಸ್ಸಾಯಿತಂತೆ. ಇಬ್ಬರಲ್ಲಿ ಯಾರನ್ನು ಎಂಬುದು ತೀರ್ಮಾನವಾಗುವಷ್ಟರಲ್ಲಿ ದಂಡೆ ಬಂತು.

ಮಾವನಿಗೆ ಮಾತ್ರ ಇಂದಿಗೂ ಪಶ್ಚಾತ್ತಾಪವಿಲ್ಲ. “ಆ ದಂಡ್ಯಾಗ ಈ ದಂಡ್ಯಾವ ಅಂತ ಬಿಡ್ತಾರ. ಈ ದಂಡ್ಯಾಗ ಹೊಳಿಯಾಗ ಇರಾವ ಅಂತ ಬಿಡ್ತಾರ. ಎಲ್ಲೀಗೂ ಸೇರದಾವನ್ನ ಕರಿಯಾವ ಯಾರು? ನಾ ಕೇಳಿದ್ದ ಬರೋಬ್ಬರಿ ಐತಿ.”

ಆ ದಿನ ಹರಿಗೋಲಿನಲ್ಲಿ ನಮ್ಮವ್ವನೂ ಇದ್ದಳು. ಅವನ ತಂಗಿ, ಆಗಿನ್ನೂ ಲಂಗದ ಹುಡುಗಿ. ಈಗ ನನ್ನ ಜೊತೆ ಆದೋನಿಯಲ್ಲಿರುವ ಅವಳು, ಅಣ್ಣ ಬಂದಾಗಲೆಲ್ಲ ಈ ಗಾಯಕ್ಕೆ ಉಪ್ಪು ಸವರದೆ ಬಿಡುವವಳಲ್ಲ. ಒಂದು ಸಲ ರೊಟ್ಟಿ ಬಡಿಸುತ್ತ ಅಂದಳು: “ನೀ ಎದ್ದು ನಿಂತು ಕೇಳಿದ್ಯಲ್ಲಾ ಯಣ್ಣಾ, ಆಗ ಆ ಹುಡುಗಿ ಕಿಟಕ್ಯಾಗಿಂದ ನೋಡಿ ನಕ್ಕಿದ್ಲು.”

ಮಾವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. “ನಕ್ಕಿದ್ಲಾ? ಹೆಂಗ ನಕ್ಕಿದ್ಲು?”

“ಹೆಂಗಂದ್ರ? ಎಲ್ಲಾರು ನಕ್ಕಂಗ ನಕ್ಕಿದ್ಲು.”

“ಸಿಟ್ಟಿಲ್ಲದ?”

“ಸಿಟ್ಟು ಬಂದ್ರ ಯಾರರ ನಗ್ತಾರೇನು?”

ಅವನು ಎರಡನೆಯ ರೊಟ್ಟಿ ಬೇಡವೆಂದ. ಅವ್ವ ತಾನು ಗೆದ್ದೆನೆಂದುಕೊಂಡು ತಟ್ಟೆ ಎತ್ತಿದಳು. ಒಳಗೆ ಹೋಗಿ ಆ ಎರಡನೆಯ ರೊಟ್ಟಿಯನ್ನು ಅವನ ದಾರಿ ಬುತ್ತಿಗೆ ಕಟ್ಟಿದಳು.

ಕರೆದಾಗ ಬಾರದ ಮನೆಯವರ ವೀಳ್ಯ ಏನಾಗುತ್ತದೆ ಎಂಬ ಪ್ರಶ್ನೆ ನಿಮಗೆ ಬಂದಿರಬಹುದು. ಅದನ್ನು ಕರೆದವನೇ ಒಯ್ದು ಆ ಮನೆಗೆ ಮುಟ್ಟಿಸಬೇಕು. ಹಿಂದೆ ಇದು ತೊಂದರೆಯಿರಲಿಲ್ಲ: ಯಾರೋ ಬಾಣಂತಿ, ಯಾರೋ ಕಾಯಿಲೆ, ಒಂದೆರಡು ಮನೆ. ಈಗ ನಮ್ಮೂರಿನವರು ಬಿತ್ತಿದ ಹತ್ತಿ ಬಿಡಿಸಿ ಮುಗಿಯಿತೋ ಇಲ್ಲವೋ, ಗಂಟು ಮೂಟೆ, ಪಾತ್ರೆ, ಕೂಸು, ಕೋಳಿ ಸಮೇತ ಕೋಸಗಿಯಲ್ಲಿ ರೈಲು ಹತ್ತಿ ಗುಂಟೂರು ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಮದುವೆಗಳು ಆಗುವುದೂ ಅದೇ ಕಾಲದಲ್ಲೇ. ಹೀಗಾಗಿ ಮಾವ ಹೆಗಲ ತುಂಬ ಎಲೆ ಹೊತ್ತು ಬೀದಿ ಬೀದಿ ತಿರುಗುತ್ತಾನೆ. ಬೀಗ ಹಾಕಿದ ಬಾಗಿಲಿನ ಚಿಲಕಕ್ಕೆ ಸಿಗಿಸುತ್ತಾನೆ. ಬಾಗಿಲೇ ಇಲ್ಲದ ಮನೆಗೆ ಮಣ್ಣಿನ ದಿಬ್ಬದ ಮೇಲೆ ಕಲ್ಲು ಹೇರಿ ಇಡುತ್ತಾನೆ. ಅವನ ಹಿಂದೆ ಊರಿನ ಮೇಕೆಗಳೆಲ್ಲ ಗಂಭೀರವಾಗಿ ನಡೆಯುತ್ತವೆ. ನಮ್ಮೂರ ಮೇಕೆಗಳಷ್ಟು ವೀಳ್ಯ ಯಾವ ಜಮೀನ್ದಾರನೂ ಮೆದ್ದಿರಲಾರ! ಸುಣ್ಣ ಹಚ್ಚುವವರಿದ್ದಿದ್ದರೆ ತುಟಿಯೂ ಕೆಂಪಾಗುತ್ತಿತ್ತು.

ಚಿಲಕದ ಎಲೆ ಮಾತ್ರ ಮೇಕೆಗೆ ಎಟುಕುವುದಿಲ್ಲ, ಅಲ್ಲೇ ಒಣಗುತ್ತದೆ. ಇದರ ಬಗ್ಗೆ ಊರಿನಲ್ಲಿ ಆಕ್ಷೇಪ ಎದ್ದಿತು. ಎಲೆ ಒಣಗಿದ ಬಾಗಿಲು ಎಂದರೆ ಒಳಗೆ ಜನವಿಲ್ಲ ಎಂದು ಬೋರ್ಡು ಹಾಕಿದ ಹಾಗಲ್ಲವೇ? ಕಳ್ಳನಿಗೆ ಇನ್ನೇನು ಬೇಕು? ನಾನೇ ಹೋಗಿ ಹೇಳಿದೆ.

“ಮಾವಾ, ಕಳ್ಳರಿಗೆ ದಾರಿ ತೋರಿಸಿಕೊಟ್ಟಂಗ ಆಗ್ತೈತಿ.”

“ಏ ಹುಚ್ಚಾ, ಕಳ್ಳನ ಮನೀಗೂ ಒಬ್ರು ವೀಳ್ಯಾ ಕೊಟ್ಟಿರ್ತಾರ. ಮರ್ಯಾದಿ ಮಾಡಿದ ಬಾಗಿಲಾ ಅವ ಮುಟ್ಟಾಂಗಿಲ್ಲ.”

ಆಶ್ಚರ್ಯವೆಂದರೆ ಇದುವರೆಗೆ ಮುಟ್ಟಿಲ್ಲ. ನಮ್ಮೂರಿನ ಮನೆಗಳಲ್ಲಿ ಕದಿಯುವುದಕ್ಕೆ ಏನೂ ಇಲ್ಲ ಎಂಬುದೂ ಒಂದು ಕಾರಣವಿರಬಹುದು. ಅದನ್ನು ಅವನ ಮುಂದೆ ಹೇಳುವ ಧೈರ್ಯ ನನಗಿಲ್ಲ.

ಆದರೆ ಕೆಲವು ವರ್ಷಗಳಿಂದ ಅವನ ಕಂಠಕ್ಕೆ ಕೆಲಸ ಕಡಿಮೆಯಾಗಿದೆ. ಮದುವೆಗಳೆಲ್ಲ ಆದೋನಿಯ ಫಂಕ್ಷನ್ ಹಾಲುಗಳಿಗೆ ಬಂದವು. ಅಲ್ಲಿ ಹೊತ್ತಿಗೆ ಬಾಡಿಗೆ. ಬಾಡಿಗೆ ಹೊತ್ತಿನಲ್ಲಿ ಇಡೀ ಊರನ್ನು ಕರೆಯುತ್ತ ನಿಲ್ಲಲು ಯಾರಿಗೆ ಪುರಸೊತ್ತು? ಮಾವನಿಗೆ ಪತ್ರಿಕೆ ಬರುತ್ತದೆ, ಕುರ್ಚಿ ಸಿಗುತ್ತದೆ, ಊಟ ಸಿಗುತ್ತದೆ, ಅದೂ ಬಿಸಿಯಾಗಿ. “ಬಿಸಿ ಅನ್ನ ಬಾಯಿ ಸುಡ್ತೈತಪಾ” ಎಂದು ಅರ್ಧ ಬಿಟ್ಟು ಏಳುತ್ತಾನೆ. ಅಯ್ಯೋ, ಅಲ್ಲಿ ಬಿಸಿ ಉಂಡವರೆಲ್ಲ ಶಾಲು ಕೇಳಲು ಬಂದಾರು ಎಂಬ ಭಯ ನನಗೆ! ಅದಕ್ಕೇ ಮೇಲಿನ ಘೋಷಣೆ ಅವನು ವೀಳ್ಯ ಕರೆದ ಮದುವೆಗಳಿಗೆ ಮಾತ್ರ ಅನ್ವಯಿಸುತ್ತದೆಂದು ಈಗ ತಿದ್ದುಪಡಿ ಮಾಡುತ್ತೇನೆ.

ಇಂಥ ಹೊತ್ತಿನಲ್ಲಿ ನನ್ನ ಮಗಳ ನಿಶ್ಚಯ ಗೊತ್ತಾಯಿತು, ಅದೂ ಆದೋನಿಯ ಒಂದು ಹಾಲಿನಲ್ಲೇ. ಬೀಗರು ಬಳ್ಳಾರಿ ಕಡೆಯವರು, ಹಾಲಹರವಿಯಿಂದ ಗಡಿ ದಾಟಿದರೆ ಅವರ ಹೊಲ. ಒಳ್ಳೆಯ ಜನ, ಆದರೆ ಗಡಿಯಾರದ ಜನ. ಹೆಂಡತಿ ಮೊದಲೇ ಎಚ್ಚರಿಸಿದಳು: “ನಿಮ್ಮ ಮಾವಗ ಹೇಳಿಬಿಡ್ರಿ, ಈ ಸಲ ಬ್ಯಾಡ ಅಂತ.” ಹೇಳಲೆಂದೇ ಊರಿಗೆ ಹೋದೆ. ಅವನು ಆಗಲೇ ಕಟ್ಟೆಯ ಮೇಲೆ ಕೂತು ಅಡಿಕೆ ಆರಿಸುತ್ತಿದ್ದ. ಹುಳುಕು ಬೇರೆ, ಒಳ್ಳೆಯದು ಬೇರೆ. ನನ್ನನ್ನು ನೋಡಿ, “ಬಾ ಅಳಿಯಾ, ಎಲಿ ನಾನ ತರ್ತೀನಿ. ಆದೋನ್ಯಾಗಿನ ಎಲಿ ಬ್ಯಾಡ, ಸೊಪ್ಪಿನಂಗ ಇರ್ತಾವ” ಎಂದ. ನಾನು ಏನು ಹೇಳಲು ಹೋಗಿದ್ದೆನೋ ಅದನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು ವಾಪಸ್ಸು ಬಂದೆ.

ನಿಶ್ಚಯದ ದಿನ ಮಾವ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಯ ಗಂಟು ಹಿಡಿದು ಬಸ್ಸಿನಲ್ಲಿ ಬಂದಿಳಿದ. ಇಸ್ತ್ರಿ ಮಾಡಿದ ಶಲ್ಯ. ಅವ್ವ ಬಾಗಿಲಲ್ಲೇ ತಡೆದಳು.

“ಎಷ್ಟೊತ್ತು ಹಿಡೀತೈತಿ ಯಣ್ಣಾ?”

“ಊರು ಎಷ್ಟೈತೋ ಅಷ್ಟೊತ್ತು.”

“ಹಂಗಾದ್ರ ಲಗೂನ ಆಗ್ತೈತಿ ಬಿಡು. ಊರಾಗ ಯಾರದಾರ?”

ಅವನು ನಕ್ಕ. ನಾನೂ ನಕ್ಕೆ. ಎಲ್ಲರೂ ಗುಂಟೂರಿನಲ್ಲಿದ್ದರು, ನಮ್ಮೂರ ಕಡೆಯಿಂದ ಆ ಹಾಲಿಗೆ ಬಂದವನು ಅವನೊಬ್ಬನೇ.

ಉಂಗುರ ಬದಲಾಯಿತು, ಫೋಟೋ ಆಯಿತು. ಮಾವ ಎದ್ದ. ಮೈಕಿನವನು ಮೈಕು ಹಿಡಿದರೆ ಬೇಡವೆಂದು ಕೈಯಾಡಿಸಿದ: “ಅದ್ರಾಗ ಕೂಗಿದ್ರ ಯಾರು ಕರದ್ರು ಅಂತ ಗೊತ್ತಾಗಾಂಗಿಲ್ಲಪಾ.” ಗಂಟಲು ಸರಿಮಾಡಿಕೊಂಡು ದೇವರನ್ನು ಕರೆದ, ಮಠವನ್ನು ಕರೆದ. “ಬಾವೀ ಮನೀ... ವೀಳ್ಯಾ!”

ಕರೆಯುವುದಕ್ಕೆ ಅವನು ತೆಗೆದುಕೊಳ್ಳುವ ಹೊತ್ತು ಹೆಚ್ಚೇನಲ್ಲ. ಕರೆದ ಮೇಲೆ ಬಾಗಿಲ ಕಡೆ ನೋಡುತ್ತ ನಿಲ್ಲುತ್ತಾನಲ್ಲ, ಹೊತ್ತು ಹಿಡಿಯುವುದು ಅದಕ್ಕೆ. ಯಾರೂ ಬರಲಿಲ್ಲವೆಂದು ಖಾತ್ರಿಯಾದ ಮೇಲೆ ತಟ್ಟೆಯಿಂದ ಎಲೆ ಎತ್ತಿ ತನ್ನ ಜೋಳಿಗೆಗೆ ಹಾಕಿಕೊಳ್ಳುವನು. ಮುಂದಿನ ಮನೆ. ಮತ್ತೆ ಬಾಗಿಲು. ಬಾಗಿಲಲ್ಲಿ ಸಂಜೆಯ ಫಂಕ್ಷನ್ನಿನವರ ಹೂವಿನ ಆಳುಗಳು ಕಮಾನು ಹಿಡಿದು ಕಾಯುತ್ತಿದ್ದರು. ಅವನು ನೋಡಿದಾಗಲೆಲ್ಲ ಪಾಪ, ಅವರು ತಮ್ಮನ್ನೇ ಕರೆದನೇನೋ ಎಂದು ಹಿಂದೆ ಸರಿಯುತ್ತಿದ್ದರು. ಬೀಗರು ಕೈಗಡಿಯಾರ ನೋಡಿದರು, ನಂತರ ಗೋಡೆಗಡಿಯಾರ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ಹಾಲಿನ ಮ್ಯಾನೇಜರು ನನ್ನ ಕಿವಿಗೆ ಬಾಗಿದ.

“ಸಾರ್, ಎವರೂ ಲೇರು ಕದಾ? ಎವರ್ನಿ ಪಿಲುಸ್ತುನ್ನಾಡು?” ಯಾರೂ ಇಲ್ಲವಲ್ಲ, ಯಾರನ್ನು ಕರೆಯುತ್ತಿದ್ದಾನೆ ಅಂತ.

“ಮಾ ಊರ್ನಿ” ಎಂದೆ. ನಮ್ಮೂರನ್ನಪ್ಪಾ, ನಮ್ಮೂರನ್ನು.

ಅವನಿಗೆ ಏನನಿಸಿತೋ, ಹೂವಿನವರನ್ನು ಹೊರಗೆ ಕೂರಿಸಿ ಬಂದ.

ಅಂತೂ ಊರು ಮುಗಿಯಿತು. ಮಾವ ಕುರ್ಚಿಯಲ್ಲಿ ಕೂತು ಬೆವರೊರೆಸಿಕೊಂಡ. “ಆತು. ಎಲ್ಲಾರ್ನೂ ಕರದೆ.” ನಾನು ತಟ್ಟೆ ಎತ್ತಿಡಲು ಹೋದೆ.

“ಮಾವಾ, ಇನ್ನೊಂದು ಉಳದೈತಿ ನೋಡು.”

“ಇರ್ಲಿ ಬಿಡು.”

“ಯಾರದು?”

ಅವನು ಶಲ್ಯ ಮಡಿಸತೊಡಗಿದ. ಮಾತಾಡಿದ್ದು ಅವ್ವ. “ಯಣ್ಣಾ, ನಮ್ಮಪ್ಪನ ಮನಿ ಕರೀಲಿಲ್ಲಲ್ಲ ನೀ?”

“ನನ್ನ ಮನಿ ನಾನ ಕರಕೊಳ್ಳಾಕ ಬರ್ತೈತೇನವ್ವಾ?”

ಕರೆಯುವವನು ತನ್ನ ಮನೆಯನ್ನು ತಾನೇ ಕರೆಯಬಾರದು, ಗೋಡೆಗೆ ಗೋಡೆ ಹತ್ತಿದ ನೆರೆಮನೆಯವನೇ ಕರೆಯಬೇಕು. ಇದು ಊರಿನ ಕಟ್ಟಳೆ. ನಮ್ಮ ಮಾವನ ಗೋಡೆಗೆ ಹತ್ತಿದ್ದು ಪಿಂಜಾರರ ಚಾಚಾನ ಮನೆ. ಚಾಚಾ ಹೋಗಿ ಎಷ್ಟೋ ವರ್ಷವಾಯಿತು. ಮಕ್ಕಳು ಗಾದಿ ಹೊಲಿಯುತ್ತ ಬಳ್ಳಾರಿಯಲ್ಲಿದ್ದಾರೆ.

“ಚಾಚಾ ಹೋದಾಗಿಂದ?” ಅವ್ವ ಕೇಳಿದಳು.

“ಆಗಿಂದ ಕರದಿಲ್ಲ.”

“ಒಬ್ರೂ ಕೇಳಲಿಲ್ಲಾ?”

“ಎಲ್ಲಾರ್ಗೂ ಹಸಿವಾಗಿರ್ತಿತ್ತಲ್ಲವ್ವಾ” ಎಂದ, ನಮ್ಮೆಲ್ಲರ ಪರವಾಗಿ ವಕಾಲತ್ತು ವಹಿಸಿದವನ ಹಾಗೆ.

ಆ ಮದುವೆಗಳಲ್ಲೆಲ್ಲ ನಾನೂ ಉಂಡಿದ್ದೆ. ಅನ್ನ ಆರಿತೆಂದು ಬೈದಿದ್ದೆ.

ಅವ್ವ ಕುರ್ಚಿಯ ಕೈ ಹಿಡಿದು ಎದ್ದಳು. ಮೊದಲನೆಯದಾಗಿ, ಹೆಂಗಸರು ವೀಳ್ಯ ಕರೆಯುವಂತಿಲ್ಲ. ಎರಡನೆಯದಾಗಿ, ವೀಳ್ಯ ಕೊಡುವ ಮನೆಯವರು ಕರೆಯುವಂತಿಲ್ಲ. ಮೂರನೆಯದಾಗಿ, ಬೇರೆ ಮನೆಗೆ ಕೊಟ್ಟ ಮಗಳಿಗೆ ತವರಿನ ಹೆಸರು ಸಭೆಯಲ್ಲಿ ಎತ್ತುವ ಅಧಿಕಾರವೇ ಇಲ್ಲ. ನಮ್ಮೂರಿನ ಸಂವಿಧಾನದ ಇಷ್ಟೂ ಕಲಮುಗಳನ್ನು ಒಂದೇ ಉಸಿರಿನಲ್ಲಿ ಮುರಿಯಲು ನಮ್ಮವ್ವ ಸೆರಗು ಸರಿಮಾಡಿಕೊಂಡು ನಿಂತಳು. ಮೈಕಿನವನು ಕೇಳದೆಯೇ ಮೈಕು ತಂದು ಹಿಡಿದ. ಅವಳು ಅದನ್ನು ಒಂದು ಕೈಯಿಂದ ಪಕ್ಕಕ್ಕೆ ಸರಿಸಿದಳು.

“ಹಗೇದ ಮನೀ...” ಅಂಗಳದಲ್ಲಿ ಜೋಳ ತುಂಬುವ ಹಗೇವು ಇದ್ದ, ಅವರಿಬ್ಬರೂ ಹುಟ್ಟಿದ ಮನೆ. “ಹಗೇದ ಮನೀ... ವೀಳ್ಯಾ!”

ಬೀಗರು ಗಡಿಯಾರದಿಂದ ತಲೆಯೆತ್ತಿದರು.

ಮಾವ ಎದ್ದ. ಮುಖ ಸಿಟ್ಟಿನಲ್ಲಿ ಕೆಂಪಗಿತ್ತು.

“ಕ್ರಮಾ ತಪ್ಪೈತಿ ತಂಗೀ. ಕಟ್ಟೀ ಮನಿ ಆದ ಮ್ಯಾಗ ಕರೀಬೇಕು ನಮ್ದು. ಕಡೀಕ ಕರಿಯೋದು ಅಲ್ಲ.”

“ಗೊತ್ತೈತಿ. ಹಿಡಿ.”

“ಇದು ಬರೋಬ್ಬರಿ ಅಲ್ಲ. ಹಿಂಗ ಯಾರೂ...” ಎಂದು ಇನ್ನೂ ಏನೇನೋ ಹೇಳುತ್ತಲೇ ಇದ್ದ. ಆದರೆ ಆಗಲೇ ಮಡಿಸಿದ್ದ ಶಲ್ಯವನ್ನು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ತಂಗಿಯ ಮುಂದೆ ಒಡ್ಡಿದ್ದ. ಬಿದ್ದ ಎರಡೆಲೆ ಒಂದಡಿಕೆಯನ್ನು ಬಾರದವರ ಜೋಳಿಗೆಗೆ ಹಾಕಲಿಲ್ಲ, ಚುಂಗಿನಲ್ಲೇ ಗಂಟು ಕಟ್ಟಿಕೊಂಡ.